ಬ್ಲ್ಯಾಕ್ ವಾಲ್ನಟ್: ಝೋನ್ 4 ಅಂತ ಬರೆದಿದ್ರೂ ಪ್ರತಿ ಚಳಿಗಾಲ ತುದಿ ಒಣಗ್ತಿದೆ, ಯಾಕೆ?

ಹಿಮದಹಕ್ಕಿ:
ಎಲ್ಲರಿಗೂ ನಮಸ್ಕಾರ. ನಮ್ಮದು ಅಮೆರಿಕದ ಉತ್ತರ ಭಾಗ, ಇಲ್ಲಿನ ಕೃಷಿ ಇಲಾಖೆ (ಯುಎಸ್‌ಡಿಎ) ಚಳಿ ನೋಡಿ ಮಾಡಿದ ವಲಯಗಳಲ್ಲಿ ಝೋನ್ 4. ಮೂರು ಬ್ಲ್ಯಾಕ್ ವಾಲ್ನಟ್ (ಅಕ್ರೋಟು ಜಾತಿಯ ಮರ) ಸಸಿ ಇವೆ, ಬೀಜದಿಂದ ಬಂದವು, ಎದೆಮಟ್ಟ ಬೆಳೆದಿವೆ. ವಸಂತದಲ್ಲಿ ನೋಡಿದರೆ ಮೇಲಿನ ಒಂದೂವರೆ ಅಡಿ ಸತ್ತಿರುತ್ತೆ. ಉಗುರಲ್ಲಿ ಕೆರೆದರೆ ಕಂದುಬಣ್ಣ, ಅದರ ಕೆಳಗೆ ಹಸಿರು. ಹೋದ ವರ್ಷವೂ ಹೀಗೇ ಆಯ್ತು. ಈ ಸಲ ಚಳಿ ಮೈನಸ್ 29 ಸೆಲ್ಸಿಯಸ್ ದಾಟಿಲ್ಲ. ಸಸಿಯ ಚೀಟಿಯಲ್ಲಿ ‘ಝೋನ್ 4ರಿಂದ 9’ ಅಂತಲೇ ಇತ್ತು. ಪಕ್ಕದವರ ಹಿತ್ತಲಲ್ಲಿ ಇದೇ ಜಾತಿಯ ದೊಡ್ಡ ಮರ ಇದೆ, ಅದಕ್ಕೆ ಏನೂ ಆಗಿಲ್ಲ. ಅದೇ ನನಗೆ ತಲೆಬಿಸಿ. ಗೋಣಿ ಸುತ್ತಬೇಕಾ?

ಗುದ್ದಲಿ:
ಗೋಣಿ ಆಮೇಲೆ ನೋಡೋಣ. ಬೀಜ ಯಾವ ಕಡೆಯದು? ಶರತ್ಕಾಲದಲ್ಲಿ ಎಲೆ ಹಳದಿಯಾಗಿ ಉದುರಿತ್ತಾ, ಇಲ್ಲ ಹಸಿರಿರುವಾಗಲೇ ಹಿಮ ಹೊಡೆದು ಕಪ್ಪಾಗಿ ನೇತಾಡ್ತಿತ್ತಾ? ಬೇಸಿಗೆ ಕೊನೆಗೆ ಗೊಬ್ಬರ ಏನಾದ್ರೂ ಬಿತ್ತಾ?

ಹಿಮದಹಕ್ಕಿ:
ಬೀಜ ದಕ್ಷಿಣದ ಟೆನೆಸ್ಸೀ ರಾಜ್ಯದ ಕಡೆಯದು ಅಂದಿದ್ರು. ಎಲೆ ನೀವು ಹೇಳಿದ ಹಾಗೇ ಸರ್, ಹಸಿರಾಗೇ ಇದ್ದವು, ಒಂದು ರಾತ್ರಿಯ ಹಿಮಕ್ಕೆ ಬೆಂದ ಸೊಪ್ಪಿನ ಹಾಗೆ ಜೋತುಬಿದ್ದವು. ಪಕ್ಕದವರ ಮರ ಅಷ್ಟರಲ್ಲಿ ಬೋಳಾಗಿತ್ತು. ಸಸಿಗೆ ಅಂತ ಗೊಬ್ಬರ ಹಾಕಿಲ್ಲ, ಆದರೆ ಸುತ್ತಲಿನ ಹುಲ್ಲುಹಾಸಿಗೆ ಆಗಸ್ಟ್ ಕೊನೆಗೆ ಹಾಕಿದ್ದು.

ಗುದ್ದಲಿ:
ಹಾಗಾದ್ರೆ ನಿಮ್ಮ ಸಸಿಗೆ ಪೆಟ್ಟು ಬಿದ್ದಿದ್ದು ಬಹುಶಃ ಜನವರಿಯಲ್ಲಲ್ಲ, ಅಕ್ಟೋಬರ್ ಆಸುಪಾಸಿನಲ್ಲಿ.

ಝೋನ್ ಸಂಖ್ಯೆ ಹೇಳೋದು ಒಂದೇ ವಿಷಯ: ವರ್ಷದ ಅತಿ ಕಡಿಮೆ ಉಷ್ಣಾಂಶದ ಸರಾಸರಿ. ಝೋನ್ 4 ಅಂದ್ರೆ ಸುಮಾರು ಮೈನಸ್ 34ರಿಂದ ಮೈನಸ್ 29. ಆ ಚಳಿ ಬರೋ ಹೊತ್ತಿಗೆ ಮರ ತಯಾರಾಗಿತ್ತಾ ಅನ್ನೋದನ್ನ ಆ ಸಂಖ್ಯೆ ಹೇಳಲ್ಲ. ಬ್ಲ್ಯಾಕ್ ವಾಲ್ನಟ್ ದಕ್ಷಿಣ ಒಂಟಾರಿಯೊ, ಮಿನ್ನೆಸೋಟದಿಂದ ಫ್ಲಾರಿಡಾದ ಉತ್ತರದವರೆಗೆ ಕಾಡಲ್ಲಿ ಬೆಳೆಯೋ ಮರ. ಉತ್ತರದ ಅಂಚಲ್ಲಿ ಹಿಮವಿಲ್ಲದ ದಿನ ಸುಮಾರು 140, ದಕ್ಷಿಣದಲ್ಲಿ 280ರವರೆಗೆ. ಈ ವ್ಯಾಪ್ತಿಯೊಳಗೆ ಮೈನಸ್ 43 ಕೂಡ ದಾಖಲಾಗಿದೆ, ಆದರೆ ಅದನ್ನ ತಾಳೋ ತಳಿಗಳು ಕೆಲವೇ. ಜಾತಿ ಒಂದೇ ಆದ್ರೂ ಬೀಜದ ಊರು ಬೇರೆಯಾದ್ರೆ ಮರದ ಪಂಚಾಂಗವೇ ಬೇರೆ.

ಹಗಲು ಚಿಕ್ಕದಾಗ್ತಾ ಬಂದ ಹಾಗೆ ಮರ ತುದಿ ಬೆಳವಣಿಗೆ ನಿಲ್ಲಿಸಿ, ಮೊಗ್ಗು ಕಟ್ಟಿ, ಕೊಂಬೆ ಬಲಿಸಿಕೊಳ್ಳುತ್ತೆ. ಆಮೇಲೆ ಸಣ್ಣಪುಟ್ಟ ಚಳಿ ತಾಗಿದಾಗ ಜೀವಕೋಶದಲ್ಲಿ ಸಕ್ಕರೆ ಅಂಶ ಏರುತ್ತೆ. ತೊಗಟೆಯ ಕೋಶಗಳಿಂದ ನೀರು ಹೊರಗೆ ಸರಿದು ಅಲ್ಲೇ ಹೆಪ್ಪುಗಟ್ಟುತ್ತೆ, ಕೋಶ ಬದುಕುತ್ತೆ. ಈ ಭಾಗದ ಎಷ್ಟೋ ಗಟ್ಟಿಮರಗಳ ಕಟ್ಟಿಗೆಯೊಳಗೆ ಇನ್ನೊಂದು ಉಪಾಯವೂ ಇದೆ: ನೀರು ಮೈನಸ್ 40ರ ಸುತ್ತಮುತ್ತಲಿನವರೆಗೂ ಹೆಪ್ಪುಗಟ್ಟದೆ ದ್ರವವಾಗೇ ಉಳಿಯುತ್ತೆ. ಇದೆಲ್ಲ ಆಗೋಕೆ ವಾರಗಟ್ಟಲೆ ಬೇಕು. ಟೆನೆಸ್ಸೀ ಬೀಜದ ಸಸಿ ತನಗಿನ್ನೂ ಕಾಲ ಇದೆ ಅಂದ್ಕೊಂಡು ಚಿಗುರ್ತಾನೇ ಇರುತ್ತೆ, ಹುಲ್ಲುಹಾಸಿನ ಸಾರಜನಕವೂ ಜೊತೆಗೆ ಸೇರ್ತು. ಬಲಿಯದ ಚಿಗುರಿಗೆ ಮೈನಸ್ 6, 7 ಕೂಡ ಸಾಕು.

ಗೋಣಿ ಸುತ್ತಿದ್ರೆ ತುದಿ ಬಲಿಯಲ್ಲ. ಆ ಖರ್ಚು ಬಿಡಿ.

ಕಸಿಕತ್ತಿ:
ಗುದ್ದಲಿ ಅಣ್ಣ ಹೇಳಿದ್ದು ಸರಿ, ಆದರೆ ಚಳಿ ಅಂತ ಷರಾ ಬರೆಯೋ ಮುಂಚೆ ಕೊಂಬೆ ಸೀಳಿ ನೋಡಿ. ವಾಲ್ನಟ್‌ನ ತಿರುಳು ನಡುನಡುವೆ ತೆಳು ಗೋಡೆ ಇರೋ ಗೂಡುಗಳಾಗಿರುತ್ತೆ. ಅದು ಕಂದಾಗಿದೆ ಅಂತ ಗಾಬರಿ ಬೇಡ, ಅದರ ಬಣ್ಣವೇ ತಿಳಿಗಂದು. ನೋಡಬೇಕಾದ್ದು ತೊಗಟೆಗೂ ಕಟ್ಟಿಗೆಗೂ ನಡುವಿನ ಪದರ. ಎಳೆ ತುದಿಯಿಂದ ಸಾವು ಶುರುವಾಗಿ ಹಳೆ ಕಟ್ಟಿಗೆ ಹತ್ರ ನಿಂತಿದ್ರೆ ಚಳಿಯೇ. ಗುಂಡುಸೂಜಿ ಚುಚ್ಚಿದಂಥ ತೂತು, ತೊಗಟೆ ಕೆಳಗೆ ಕಪ್ಪು ಕಲೆಗಳು ಕಂಡ್ರೆ ಥೌಸಂಡ್ ಕ್ಯಾಂಕರ್ಸ್ ರೋಗ ಇರಬಹುದು. ಅದನ್ನ ತರೋದು ಸಣ್ಣ ದುಂಬಿ, ಕೊಲ್ಲೋದು ಶಿಲೀಂಧ್ರ. ಬುಡದಲ್ಲಿ ಸುತ್ತ ಕೆರೆದ ಹಲ್ಲಿನ ಗುರುತಿದ್ರೆ ಮೊಲ ಅಥವಾ ಇಲಿ. ಕಾಂಡದ ನೈಋತ್ಯ ಬದಿ ಮಾತ್ರ ಸೀಳಿದ್ರೆ ಚಳಿಗಾಲದ ಬಿಸಿಲಿನ ಪೆಟ್ಟು, ಅದಕ್ಕೆ ಬಿಳಿ ಕಾಂಡಕವಚ ಸಾಕು.

ಹಿಮದಹಕ್ಕಿ:
ನೋಡಿದೆ. ತೂತಿಲ್ಲ, ಹಲ್ಲಿನ ಗುರುತಿಲ್ಲ. ಸಾವು ಸರಿಯಾಗಿ ಹಳೆ ಕಟ್ಟಿಗೆ ಗಂಟಿನ ಹತ್ರವೇ ನಿಂತಿದೆ. ಈಗಲೇ ಕತ್ತರಿಸಲಾ?

ಗುದ್ದಲಿ:
ಬೇಡ. ಈ ಮರ ಚಿಗುರೋದೇ ತಡ, ಪಕ್ಕದ ಗಿಡ ಹಸಿರಾಯ್ತು ಅಂತ ಇದು ಸತ್ತಿದೆ ಅನ್ಕೋಬೇಡಿ. ಮೇಲಾಗಿ ವಸಂತದಲ್ಲಿ ಕತ್ತರಿಸಿದ್ರೆ ರಸ ಸುರಿಯುತ್ತೆ. ಪೂರ್ತಿ ಎಲೆ ಬಂದ ಮೇಲೆ, ಬದುಕಿರೋ ಮೊಗ್ಗಿನ ಸ್ವಲ್ಪ ಮೇಲೆ ಕತ್ತರಿ ಹಾಕಿ. ಬುಡದ ಸುತ್ತ ಮೂರಡಿ ಹುಲ್ಲು ತೆಗೆದು ಮರದ ಚಕ್ಕೆ ಹರಡಿ, ಕಾಂಡಕ್ಕೆ ತಾಗದ ಹಾಗೆ. ಬೇರು ಕಾಂಡದಷ್ಟು ಚಳಿ ತಾಳಲ್ಲ, ಹಿಮದ ಹೊದಿಕೆ ಇಲ್ಲದ ವರ್ಷ ಇದೇ ಕಾಪಾಡೋದು. ಜುಲೈ ಆದಮೇಲೆ ಸಾರಜನಕ ಹತ್ರಕ್ಕೂ ತರಬೇಡಿ, ನೀರು ನಿಧಾನ ಕಡಿಮೆ ಮಾಡಿ.

ವಯಸ್ಸಾದ ಹಾಗೆ ಚಿಗುರು ಬೇಗ ನಿಲ್ಲುತ್ತೆ, ಹಾಗಾಗಿ ಸ್ವಲ್ಪ ಸುಧಾರಿಸಬಹುದು. ಆದರೂ ನನ್ನ ಸಲಹೆ: ಒಂದನ್ನ ಇಟ್ಕೊಂಡು ಉಳಿದೆರಡು ಜಾಗಕ್ಕೆ ಪಕ್ಕದವರ ಮರದ ಕಾಯಿ ಹಾಕಿ. ಶರತ್ಕಾಲದಲ್ಲೇ ಸಿಪ್ಪೆ ಸುಲಿದು ಹೂತು, ಅಳಿಲಿಗೆ ಸಿಗದ ಹಾಗೆ ಮೇಲೆ ತಂತಿ ಜಾಲರಿ ಮುಚ್ಚಿ. ಮೊಳೆಯೋಕೆ ಬೇಕಾದ ಮೂರ್ನಾಲ್ಕು ತಿಂಗಳ ಚಳಿ ಅಲ್ಲೇ ಸಿಗುತ್ತೆ.

ಕಸಿಕತ್ತಿ:
ವಾಲ್ನಟ್‌ನ ಹತ್ತಿರದ ಸಂಬಂಧಿ ಬಟರ್‌ನಟ್ ಮರ ಹಾಕಿ ಅಂತ ಯಾರಾದ್ರೂ ಹೇಳ್ತಾರೆ. ಝೋನ್ 3ನ್ನೂ ತಾಳುತ್ತೆ ನಿಜ, ಆದರೆ ಅದನ್ನ ಕ್ಯಾಂಕರ್ (ತೊಗಟೆ ಹುಣ್ಣಿನ) ರೋಗ ತಿಂದುಹಾಕ್ತಿದೆ. ನಾನಂತೂ ಹಾಕಲ್ಲ.

ಹಿಮದಹಕ್ಕಿ (ಜೂನ್):
ಮೂರೂ ಚಿಗುರಿವೆ! ಇಟ್ಕೊಳ್ಳೋಣ ಅಂದ್ಕೊಂಡ ಸಸಿಯಲ್ಲಿ ಸತ್ತ ತುದಿಯ ಕೆಳಗೆ ಎರಡು ಚಿಗುರು ಪೈಪೋಟಿ ಮೇಲೆ ಏಳ್ತಿವೆ. ಒಂದನ್ನ ತೆಗೀಲಾ?

ಗುದ್ದಲಿ:
ಎರಡನ್ನೂ ಬಿಟ್ರೆ ಮುಂದೆ ಕವಲು ಸೀಳುತ್ತೆ. ನೆಟ್ಟಗಿರೋದನ್ನ ಸತ್ತ ಕಡ್ಡಿಗೇ ಸಡಿಲವಾಗಿ ಕಟ್ಟಿ, ಅದೇ ಆಸರೆ. ಇನ್ನೊಂದರ ತುದಿ ಚಿವುಟಿ ಸಾಕು. ಕಟ್ಟಿದ ಚಿಗುರು ಬಲಿತ ಮೇಲೆ ಚಿವುಟಿದ್ದನ್ನೂ ಸತ್ತ ಕಡ್ಡಿಯನ್ನೂ ಒಟ್ಟಿಗೇ ತೆಗೀರಿ.