ಪದಚರ್ಚೆ: ಕಂಗೆಟ್ಟ ಹುಡುಗ ಹುಡುಗಿಯರು ತಾವಾಗಿ ಬಂದು ಕೂರುವ ಜಾಗಕ್ಕೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಮಂಗಳೂರಿನಲ್ಲಿ ನಾವು ಕೆಲವರು ಸೇರಿ ಒಂದು ಬೋರ್ಡ್ ಬರೆಸುತ್ತಿದ್ದೇವೆ. ಮೆಡಿಕಲ್, ಲೈಬ್ರರಿ, ಜೆರಾಕ್ಸ್ ಅಂಗಡಿ, ಹೀಗೆ ಜನ ಓಡಾಡುವ ಕಡೆ ಹಾಕಲಿಕ್ಕೆ. ಮನೆಯಲ್ಲಿ ಜಗಳವಾಗಿ ಹೊರಟು ಬಂದವರು, ಯಾರೋ ಹಿಂದೆ ಬಿದ್ದಿದ್ದಾರೆ ಅಂತ ಹೆದರಿದವರು, ಜೀವವೇ ಬೇಡ ಅನ್ನಿಸಿದವರು ಅಲ್ಲಿಗೆ ಬಂದು ಕೂರಬಹುದು. ಅಲ್ಲಿರುವವರು ನೀರು ಕೊಟ್ಟು, ಮಾತು ಕೇಳಿ, ಸಹಾಯ ಮಾಡುವವರಿಗೆ ಫೋನ್ ಮಾಡುತ್ತಾರೆ. ಅಮೆರಿಕದಲ್ಲಿ ಇಂಥ ಏರ್ಪಾಡು 1983ರಲ್ಲಿ ಕೆಂಟಕಿಯ ಲೂಯಿವಿಲ್ ನಗರದಲ್ಲಿ ಶುರುವಾಯಿತು. ಹಳದಿ ಕಪ್ಪು ಬಣ್ಣದ ಡೈಮಂಡ್ ಆಕಾರದ ಬೋರ್ಡ್ ಕಂಡಲ್ಲಿ ಮಕ್ಕಳು ಒಳಗೆ ಹೋಗಬಹುದು. ಅಲ್ಲಿ ಅದಕ್ಕೆ 'ಸೇಫ್ ಪ್ಲೇಸ್' ಅಂತಾರೆ. ನಮ್ಮ ಬೋರ್ಡಿಗೆ ಕನ್ನಡದ ಒಂದು ಹೆಸರು ಬೇಕು.

ಮೊದಲು ಬಂದ ಸಲಹೆ 'ಸುರಕ್ಷಿತ ತಾಣ'. ತಾಣ ಅಂದರೆ ಈಗ ಜಾಲತಾಣ, ಪ್ರವಾಸಿ ತಾಣ, ಇಲ್ಲದಿದ್ದರೆ ಕಳ್ಳರ ಅಡಗುತಾಣ. ಮಕ್ಕಳ ಬಾಯಲ್ಲಿ ಬರುವ ಮಾತಲ್ಲ. ಸರಕಾರಿ ಕಾಗದದಲ್ಲಿ 'ತೆರೆದ ತಂಗುದಾಣ' ಇದೆ. ನಮ್ಮೂರಲ್ಲಿ ತಂಗುದಾಣ ಅಂದರೆ ಬಸ್ಸಿಗೆ ಕಾಯುವ ಜಾಗ.

'ಬಾಲಮಂದಿರ', 'ನಿಲಯ', 'ಆಶ್ರಮ' ಇವುಗಳ ತೊಡಕು ಬೇರೆ. ಬೋಂದೆಲ್‌ನಲ್ಲಿ ಬಾಲಮಂದಿರ ಇದೆ, ಉಡುಪಿಯ ನಿಟ್ಟೂರಿನಲ್ಲಿ ಮಹಿಳಾ ನಿಲಯ ಇದೆ. ಬೇಕೇ ಬೇಕಾದ ಸಂಸ್ಥೆಗಳು. ಆದರೆ ಈ ಹೆಸರುಗಳ ಜೊತೆ ನಾವು ಆಡುವ ಕ್ರಿಯಾಪದ ಗಮನಿಸಿ: 'ಬಾಲಮಂದಿರಕ್ಕೆ ಹಾಕಿದ್ರು', 'ಆಶ್ರಮಕ್ಕೆ ಸೇರಿಸಿದ್ರು'. ಮಗು ತಾನಾಗಿ ಹೋಗುವುದೇ ಇಲ್ಲ, ಯಾರೋ ಹಾಕುತ್ತಾರೆ. ನಮಗೆ ಬೇಕಾದದ್ದು 'ಹೋಗಿದ್ದೆ', 'ಕೂತಿದ್ದೆ' ಎಂಬ ಮಾತಿಗೆ ಹೊಂದುವ ಹೆಸರು. ಹದಿನಾರರ ಹುಡುಗಿ ಗೆಳತಿಯ ಹತ್ತಿರ ನಾಚಿಕೆಪಡದೆ ಹೇಳುವಂತಿರಬೇಕು.

ಆ ದೃಷ್ಟಿಯಲ್ಲಿ ನನಗೆ ತುಂಬಾ ಹಿಡಿಸಿದ್ದು 'ಮರೆ'. ಹಳಗನ್ನಡದಲ್ಲಿ ಮರೆವೊಗು ಅಂದರೆ ರಕ್ಷಣೆ ಕೇಳಿ ಬರುವುದು. ಬರುವವರೇ ಹೊಗುತ್ತಾರೆ, ಯಾರೂ ಹಾಕುವುದಿಲ್ಲ. ಮರೆವೊಕ್ಕವರನ್ನು ಕಾಯುವುದು ದೊಡ್ಡ ಗುಣ ಎಂದೇ ಹಿಂದಿನವರು ಹೊಗಳಿದ್ದಾರೆ. 1894ರಲ್ಲಿ ಇದೇ ಮಂಗಳೂರಿನ ಬಾಸೆಲ್ ಮಿಷನ್‌ನವರು ಹೊರತಂದ ಕಿಟೆಲ್ ನಿಘಂಟಿನಲ್ಲಿ ಮರೆ ಎಂಬುದಕ್ಕೆ ಮುಚ್ಚುವುದು, ರಕ್ಷಣೆ ಎರಡೂ ಅರ್ಥ ಇವೆ. ಈಗಿನ ಕಿವಿಗೆ ಉಳಿದಿರುವುದು ಮೊದಲನೆಯದು ಮಾತ್ರ. ಇಲ್ಲಿ ಕಾನೂನಿನ ಪ್ರಶ್ನೆಯೂ ಇದೆ. 2015ರ ಬಾಲನ್ಯಾಯ ಕಾಯ್ದೆ ಪ್ರಕಾರ 18 ತುಂಬದ ಮಗು ದಿಕ್ಕಿಲ್ಲದೆ ನಮ್ಮ ಹತ್ತಿರ ಬಂದರೆ 24 ಗಂಟೆಯೊಳಗೆ ಪೊಲೀಸರಿಗೋ ಮಕ್ಕಳ ಸಹಾಯವಾಣಿಗೋ ಮಕ್ಕಳ ಕಲ್ಯಾಣ ಸಮಿತಿಗೋ ತಿಳಿಸಬೇಕು. ಬಚ್ಚಿಡುತ್ತೇವೆ ಅನ್ನುವ ಹಾಗೆ ಬೋರ್ಡ್ ಹಾಕಿ ಆಮೇಲೆ ಫೋನ್ ಮಾಡಿದರೆ ಆ ಮಗು ಮತ್ತೆ ಯಾರನ್ನೂ ನಂಬಲಿಕ್ಕಿಲ್ಲ.

'ಆಸರೆ' ಎಲ್ಲರಿಗೂ ಗೊತ್ತಿರುವ ಪದ, ಕೊಂಕಣಿಯಲ್ಲೂ ಆಸ್ರೊ ಇದೆ. ಆದರೆ ಆಸರೆ ಬೇಕಾದವರು ಅಂದ ಕೂಡಲೇ ಹಿಂದೆ ಮುಂದೆ ಯಾರೂ ಇಲ್ಲದವರು ಅನ್ನಿಸುತ್ತದೆ. ಇಲ್ಲಿಗೆ ಬರುವ ಎಷ್ಟೋ ಮಕ್ಕಳಿಗೆ ಮನೆ ಇದೆ. ಆ ಹೊತ್ತಿಗೆ ಅಲ್ಲಿಗೆ ಹೋಗಲಿಕ್ಕೆ ಆಗುವುದಿಲ್ಲ, ಅಷ್ಟೆ.

'ಜಗಲಿ' ಅಂತ ಒಬ್ಬರು ಹೇಳಿದರು. 'ಸುಮ್ನೆ ಜಗಲಿಯಲ್ಲಿ ಕೂತಿದ್ದೆ' ಅಂದರೆ ಯಾರೂ ಕಾರಣ ಕೇಳುವುದಿಲ್ಲ, ಅಲ್ವಾ? ನನ್ನ ಒಲವು ಸದ್ಯಕ್ಕೆ ಇದರ ಕಡೆಗೇ. ಆದರೆ ಜಗಲಿ ಹತ್ತದೆ ಅಂಗಳದಲ್ಲೇ ನಿಲ್ಲಬೇಕಾಗಿದ್ದವರ ಮನೆಯ ಮಕ್ಕಳಿಗೆ ಈ ಪದ ಹೇಗೆ ಕೇಳಿಸುತ್ತದೆ ಅನ್ನುವುದನ್ನು ಅವರ ಬಾಯಿಂದಲೇ ತಿಳಿಯಬೇಕು.

ಇನ್ನೊಂದು ಪ್ರಶ್ನೆ, ಹೆಸರಿನ ಕೆಳಗಿನ ಸಾಲಿನದ್ದು. ಬರುವವರ ಸಂಕಟಕ್ಕೆ ಅಲ್ಲಿ ಏನನ್ನೋಣ? 'ಬಿಕ್ಕಟ್ಟು' ಅಂದರೆ ಸರಕಾರ ಬೀಳುವ ಸುದ್ದಿ. ನಮ್ಮಲ್ಲಿ ಮಕ್ಕಳು ಹೇಳುವುದು 'ತಲೆಬಿಸಿ', ತುಳುವಿನಲ್ಲಿ 'ಮಂಡೆಬೆಚ್ಚ', ಜಾಸ್ತಿಯಾದರೆ 'ಭಯಂಕರ ಬೇಜಾರು'. ಪಿಯುಸಿಗೆ ಅಂತ ಉತ್ತರ ಕರ್ನಾಟಕದಿಂದ ಬಂದವರ ಮಾತು ಬೇರೆ. ಇಲ್ಲಿನ ಒಂದು ಹಾಸ್ಟೆಲಿನಲ್ಲಿ ಹುಡುಗಿಯೊಬ್ಬಳು ವಾರ್ಡನ್ ಹತ್ತಿರ 'ಭಾಳ ತ್ರಾಸ ಆಗೇದ್ರಿ' ಅಂದಳು. ಅವರು 'ಹೊಟ್ಟೆನೋವಾ?' ಅಂತ ಕೇಳಿ ಮಾತ್ರೆ ಕೊಟ್ಟರು. ಅವಳು ಮಾತ್ರೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ರೂಮಿಗೆ ಹೋದಳು. ಹಾಗಾಗಿ 'ತಲೆಬಿಸಿಯಾ? ಬೇಜಾರಾ? ತ್ರಾಸಾ? ಒಳಗೆ ಬನ್ನಿ' ಅಂತ ಮೂರನ್ನೂ ಬರೆಸುವ ಯೋಚನೆ ಇದೆ. ಅದರ ಕೆಳಗೆ ಮಕ್ಕಳ ಸಹಾಯವಾಣಿ 1098, ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416.

ಕುಂದಾಪುರದವರು, ಬ್ಯಾರಿ ಮನೆಮಾತಿನವರು, ಕಲಬುರಗಿ ಬಾಗಲಕೋಟೆ ಕಡೆಯವರು ಇದಕ್ಕೆ ಏನನ್ನುತ್ತೀರಿ? ಮೇಷ್ಟ್ರುಗಳು, ಟೀಚರ್‌ಗಳು ನಿಮ್ಮ ಮಕ್ಕಳನ್ನೇ ಕೇಳಿ ಬರೆದರೆ ಇನ್ನೂ ಒಳ್ಳೆಯದು. ಕಾಲೇಜು ಶುರುವಾಗುವ ಮೊದಲು ಬೋರ್ಡ್ ಬರೆಯುವವರ ಕೈಗೆ ಅಕ್ಷರ ಕೊಡಬೇಕಾಗಿದೆ.