ಫಿಟ್ಟರ್ ಐಟಿಐ ಮುಗೀತು: ಅಪ್ರೆಂಟಿಸ್ ಹೋಗಲೋ, ಕಾಂಟ್ರಾಕ್ಟ್ ಕೆಲಸ ಹಿಡಿಯಲೋ?

ಗದಗಿನ_ಹುಡುಗ:
ಎರಡು ವರ್ಷದ ಫಿಟ್ಟರ್ ಟ್ರೇಡ್ (ಯಂತ್ರದ ಭಾಗಗಳನ್ನ ಅಳತೆಗೆ ಕೂರಿಸೋ ಕೆಲಸ) ಮುಗಿಸಿದ್ದೇನೆ, ವಯಸ್ಸು 20. ಎಸ್ಸೆಸ್ಸೆಲ್ಸಿ 68%, ಐಟಿಐ 82%. ಮುಂದೆ ಮೂರು ದಾರಿ ಇವೆ. ಹುಬ್ಬಳ್ಳಿ ರೈಲ್ವೆ ವರ್ಕ್‌ಶಾಪಿಗೆ ಅಪ್ರೆಂಟಿಸ್ ಅರ್ಜಿ ಹಾಕೋದು ಒಂದು. ಧಾರವಾಡದ ಒಂದು ಕಂಪನಿ 'ಅಪ್ರೆಂಟಿಸ್ ಟ್ರೈನಿ' ಅಂತ ಕರೆದಿದೆ, ತಿಂಗಳಿಗೆ 10,000. ಮೂರನೆಯದು ಬೆಂಗಳೂರಲ್ಲಿ ಗುತ್ತಿಗೆದಾರನ ಕಡೆಯಿಂದ 16,000ದ ಕೆಲಸ. ಮನೆಯಲ್ಲಿ 'ಇನ್ನೊಂದು ವರ್ಷ ಕಲಿಯೋದು ಏನಿದೆ, ದುಡಿ' ಅಂತಾರೆ. ತಿಳಿದವರು ಹೇಳಿ.

ಟೂಲ್‌ರೂಮ್_ಮೇಷ್ಟ್ರು:
ಮೊದಲು ಆ ಧಾರವಾಡದ ಕಂಪನಿಗೆ ಫೋನ್ ಮಾಡಿ ಎರಡೇ ಮಾತು ಕೇಳಿ: ಕಾಂಟ್ರಾಕ್ಟ್, ಅಂದರೆ ತರಬೇತಿಯ ಒಪ್ಪಂದ, ಸರ್ಕಾರದ ಅಪ್ರೆಂಟಿಸ್‌ಶಿಪ್ ಪೋರ್ಟಲ್‌ನಲ್ಲಿ ನೋಂದಣಿ ಆಗುತ್ತಾ? ಟ್ರೇಡ್ ಅಂತ ಏನು ಬರೀತೀರಿ?

'ಟ್ರೈನಿ' ಅನ್ನೋದನ್ನ ಯಾರು ಬೇಕಾದರೂ ಕರೀಬಹುದು. 1961ರ ಅಪ್ರೆಂಟಿಸ್ ಕಾಯ್ದೆ ಪ್ರಕಾರ ನೋಂದಾಯಿಸಿದ ಕಾಂಟ್ರಾಕ್ಟ್ ಇದ್ದರೆ ಮಾತ್ರ ಕೊನೆಗೆ ಆಲ್ ಇಂಡಿಯಾ ಟ್ರೇಡ್ ಟೆಸ್ಟ್ ಬರೆದು ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಪ್ರಮಾಣಪತ್ರ ತಗೋಬಹುದು. ಕಂಪನಿ ಲೆಟರ್‌ಹೆಡ್‌ನಲ್ಲಿ ಕೊಡೋ 'ತರಬೇತಿ ಪಡೆದಿದ್ದಾರೆ' ಕಾಗದ ಅದಕ್ಕೆ ಸಮ ಅಲ್ಲ. ಟ್ರೇಡ್ ಜಾಗದಲ್ಲಿ 'ಫಿಟ್ಟರ್' ಬದಲು 'ಅಸೆಂಬ್ಲಿ ಆಪರೇಟರ್' ಥರದ್ದು ಇದ್ದರೆ ಅದು ಆಪ್ಷನಲ್ ಟ್ರೇಡ್ (ಕಂಪನಿಯೇ ಗೊತ್ತು ಮಾಡಿದ್ದು), ಸರ್ಟಿಫಿಕೇಟೂ ಅದೇ ಹೆಸರಲ್ಲಿ ಬರುತ್ತೆ. ಎರಡು ವರ್ಷ ಫಿಟ್ಟರ್ ಓದಿದವನಿಗೆ ಅದು ನಷ್ಟ.

ಹಣದ ಲೆಕ್ಕ: 2019ರ ನಿಯಮದಲ್ಲಿ ಐಟಿಐ ಆದವರಿಗೆ ಕನಿಷ್ಠ 7,000 ಅಂತ ಇಟ್ಟರು, ಹೆಚ್ಚು ಕೊಡೋದಕ್ಕೆ ಅಡ್ಡಿ ಇಲ್ಲ. ಕಾಯ್ದೆಯ 18ನೇ ಸೆಕ್ಷನ್ ಪ್ರಕಾರ ಅಪ್ರೆಂಟಿಸ್ ತರಬೇತಿಯವನು, ಕಾರ್ಮಿಕನಲ್ಲ. ಹಾಗಾಗಿ ಪಿಎಫ್ ಇಲ್ಲ. ಮುಗಿದ ಮೇಲೆ ಕೆಲಸ ಕೊಡಲೇಬೇಕು ಅಂತಲೂ ಇಲ್ಲ. ಆದರೆ ಕೆಲಸದಲ್ಲಿ ಏಟಾದರೆ ಪರಿಹಾರ ಕಂಪನಿಯ ಹೊಣೆ.

ಪೇ_ಸ್ಲಿಪ್:
ಬೆಂಗಳೂರಿನ 16,000 ಪೂರ್ತಿ ಕೈಗೆ ಬರಲ್ಲ ತಮ್ಮಾ. ಅಷ್ಟಕ್ಕೂ ಪಿಎಫ್ 12% ಹಿಡಿದರೆ 1,920, ಇಎಸ್‌ಐ (ಆರೋಗ್ಯ ವಿಮೆ) 0.75% ಅಂದರೆ 120. ಉಳಿಯೋದು 13,960. ಅದರಲ್ಲೇ ರೂಮು, ಊಟ. ಗುತ್ತಿಗೆದಾರ ಪಿಎಫ್ ಹಿಡಿಯೋದೇ ಇಲ್ಲ ಅಂದರೆ ಇನ್ನೂ ಕೆಟ್ಟದ್ದು. ಯುಎಎನ್ ಅನ್ನೋ ಪಿಎಫ್ ನಂಬರ್ ಕೊಡದವನ ಹತ್ತಿರ ಸೇರಬೇಡ. ಮನೆಯಲ್ಲಿ ಸಾಲದ ಕಂತು ಈ ತಿಂಗಳೇ ಕಟ್ಟಬೇಕು ಅನ್ನೋ ಹಾಗಿದ್ದರೆ ಮಾತ್ರ ಈ ದಾರಿ. ಹಾಗಿದ್ದಾಗ ಅದು ತಪ್ಪೂ ಅಲ್ಲ.

ಗಾಲಿ_ಬೋಗಿ:
ಹುಬ್ಬಳ್ಳಿದು ನಾ ಹೇಳ್ತೀನಿ. ಅಲ್ಲಿ ಅಪ್ರೆಂಟಿಸ್‌ಗೆ ಪರೀಕ್ಷಾ ಇಲ್ಲ. ಎಸ್ಸೆಸ್ಸೆಲ್ಸಿ ಪರ್ಸೆಂಟ್, ಐಟಿಐ ಪರ್ಸೆಂಟ್ ಎರಡೂ ಕೂಡಿಸಿ ಸರಾಸರಿ ತಗದು ಮೆರಿಟ್ ಲಿಸ್ಟ್ ಹಾಕ್ತಾರ. ನಿಂದು 75 ಆತು. ಎಸ್ಸೆಸ್ಸೆಲ್ಸಿ 50%ಕ್ಕಿಂತ ಕಡಿಮಿ ಇರಬಾರದು, ವಯಸ್ಸು 15ರಿಂದ 24. ಹುಬ್ಬಳ್ಳಿ ಕ್ಯಾರೇಜ್ ವರ್ಕ್‌ಶಾಪ್ ಒಂದ ಅಲ್ಲ, ಅದೇ ನೋಟಿಫಿಕೇಶನ್‌ದಾಗ ಮೈಸೂರು ವರ್ಕ್‌ಶಾಪೂ ಇರತದ.

ಕೆಲಸ ಏನಂದ್ರ, ಓವರ್‌ಹಾಲಿಂಗ್‌ಗೆ ಬಂದ ಬೋಗಿ (ಡಬ್ಬಿ ಕೆಳಗಿನ ಗಾಲಿ ಚೌಕಟ್ಟು) ಬಿಚ್ಚೂದು, ಪಿನ್ನು-ಬುಶ್ಶಿನ ಸವೆತ ಅಳಿಯೂದು, ಬ್ರೇಕ್ ಗೇರ್ ಜೋಡಿಸೂದು. ಗ್ರೀಸ್ ಮೈತುಂಬ. ಅದು ಬ್ಯಾಡನ್ನಾಂವ ಬರೂದ ಬ್ಯಾಡ.

ರೈಲ್ವೆದಾಗ ಕೋರ್ಸ್ ಮುಗಿಸಿದವರಿಗೆ ಲೆವೆಲ್-1 (ಎಲ್ಲಾಕಿಂತ ಕೆಳಗಿನ ದರ್ಜೆ) ಹುದ್ದೆದಾಗ 20% ಮೀಸಲು ಐತಿ. ಆದ್ರ ಅದು ನೌಕರಿ ಅಲ್ಲ, ಪರೀಕ್ಷಾ ಬರಿಯಾಕ ಬೇಕು. ಎಲ್ಲಾರೂ ಮರಿಯೂದು ಇದನ್ನ: ಬ್ಯಾರೆ ಕಡೆ ಅಪ್ರೆಂಟಿಸ್ ಮಾಡಿದಾಂವ, ಇಲ್ಲಾ ಮಾಡ್ತಿದ್ದಾಂವ ರೈಲ್ವೆ ಅಪ್ರೆಂಟಿಸ್‌ಗೆ ಅರ್ಜಿ ಹಾಕಾಕ ಬರೂದಿಲ್ಲ. ಧಾರವಾಡದ ಕಾಂಟ್ರಾಕ್ಟ್‌ಗೆ ಸಹಿ ಹಾಕಿದಿ ಅಂದ್ರ ಈ ಬಾಗಲಾ ಮುಚ್ಚಿತು.

ಗದಗಿನ_ಹುಡುಗ:
ಇದು ಗೊತ್ತೇ ಇರಲಿಲ್ಲ ಅಣ್ಣಾ. ಹಾಗಾದರೆ ರೈಲ್ವೆಯೇ ಸರೀನಾ? ನನಗೆ ಈ ಕೆಲಸ ಒಗ್ಗುತ್ತೋ ಇಲ್ಲವೋ ಅನ್ನೋ ಅನುಮಾನವೂ ಇದೆ.

ಟೂಲ್‌ರೂಮ್_ಮೇಷ್ಟ್ರು:
ಅನುಮಾನಕ್ಕೆ ಒಂದು ಪರೀಕ್ಷೆ. ಪರಿಚಯದ ವರ್ಕ್‌ಶಾಪ್‌ನಲ್ಲಿ ಒಂದು ಎಂಎಸ್ (ಮೆದು ಉಕ್ಕು) ಪ್ಲೇಟ್ ಹಿಡಿದು ಎಂ10 ಟ್ಯಾಪ್ ಹೊಡೆದು ನೋಡಿ, ಅಂದರೆ 10 ಮಿ.ಮೀ. ಬೋಲ್ಟ್‌ಗೆ ತೂತಿನೊಳಗೆ ಮರೆ ಕೊರೆಯೋದು. ಪಿಚ್ (ಮರೆಯಿಂದ ಮರೆಗೆ ದೂರ) 1.5, ಅದನ್ನ 10ರಲ್ಲಿ ಕಳೆದರೆ 8.5 ಮಿ.ಮೀ. ಡ್ರಿಲ್. ತುದಿ ಚೂಪಾಗುತ್ತಾ ಹೋಗೋ ಟೇಪರ್ ಟ್ಯಾಪ್‌ನಿಂದ ಶುರು, ಎರಡು ಸುತ್ತು ಹೋದ ಮೇಲೆ ಟ್ರೈ ಸ್ಕ್ವೇರ್ (ಮೂಲೆಮಟ್ಟ) ಇಟ್ಟು ನೇರ ಇದೆಯಾ ನೋಡಿ, ಎರಡು ಕಡೆಯಿಂದ. ಎಣ್ಣೆ ಬಿಡಿ. ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ. ಚಿಪ್ಸ್ ತುಂಡಾದದ್ದು ಕೈಗೇ ಗೊತ್ತಾಗುತ್ತೆ. ಬಿಗಿ ಬಂದಾಗಲೂ ತಿರುಗಿಸಿದರೆ ಟ್ಯಾಪ್ ಒಳಗೇ ಮುರಿಯುತ್ತೆ. ಅದು ಗಟ್ಟಿ ಮಾಡಿದ ಉಕ್ಕು, ಸಾಧಾರಣ ಡ್ರಿಲ್‌ಗೆ ಜಗ್ಗಲ್ಲ, ಆ ಪ್ಲೇಟೇ ಹಾಳು. ಹತ್ತು ತೂತು ಮಾಡಿ. ಹತ್ತನೆಯದನ್ನೂ ಸ್ಕ್ವೇರ್ ಇಟ್ಟು ನೋಡಬೇಕು ಅನ್ನಿಸಿದರೆ ನಿಮಗೆ ಫಿಟ್ಟರ್ ಕೆಲಸ ಒಗ್ಗುತ್ತೆ. ಮೂರನೆಯದಕ್ಕೇ ಬೇಜಾರಾದರೆ ಡಿಪ್ಲೊಮಾ ಎರಡನೇ ವರ್ಷಕ್ಕೆ ಲ್ಯಾಟರಲ್ ಎಂಟ್ರಿ ನೋಡಿ. ಎರಡು ವರ್ಷದ ಐಟಿಐ ಆದವರಿಗೆ ಆ ಅವಕಾಶ ಇದೆ.

ರೈಲ್ವೆಯೋ ಕಂಪನಿಯೋ ಅನ್ನೋದಕ್ಕಿಂತ ಯಾವ ಸೆಕ್ಷನ್‌ನಲ್ಲಿ (ವಿಭಾಗದಲ್ಲಿ) ನಿಲ್ಲಿಸ್ತಾರೆ ಅನ್ನೋದು ದೊಡ್ಡದು. ಟೂಲ್‌ರೂಮ್, ಮೇಂಟೆನೆನ್ಸ್ ಆದರೆ ಕಣ್ಣು ಮುಚ್ಚಿ ಹೋಗಿ. ಅಸೆಂಬ್ಲಿ ಲೈನ್ ಆದರೆ ಎಷ್ಟು ಬಿಗಿ ಅಂತ ಮೊದಲೇ ಸೆಟ್ ಮಾಡಿಟ್ಟ ನಟ್‌ರನ್ನರ್ (ನಟ್ ಬಿಗಿಯೋ ಮಷಿನ್) ಹಿಡಿದು ವರ್ಷವಿಡೀ ಅವೇ ನಾಲ್ಕು ಬೋಲ್ಟ್. ಕೊನೆಗೆ ಟ್ರೇಡ್ ಟೆಸ್ಟ್‌ನ ಪ್ರಾಕ್ಟಿಕಲ್‌ನಲ್ಲಿ ಫೈಲ್ ಹಿಡಿದು ಎರಡು ತುಂಡು ಅಳತೆಗೆ ಕೂರಿಸು ಅಂದಾಗ ಕೈ ನಡುಗುತ್ತೆ. ಸೆಕ್ಷನ್ ಎಷ್ಟು ವಾರಕ್ಕೊಮ್ಮೆ ಬದಲಾಗುತ್ತೆ ಅಂತ ಎಚ್‌ಆರ್‌ನ ಕೇಳೋದಕ್ಕಿಂತ, ಶಿಫ್ಟ್ ಬಿಡೋ ಹೊತ್ತಿಗೆ ಗೇಟ್ ಹತ್ತಿರ ನಿಂತು ಹೋದ ಬ್ಯಾಚ್‌ನ ಹುಡುಗರನ್ನ ಕೇಳಿ.

ಗಾಲಿ_ಬೋಗಿ:
ನೀ ಗದಗದಾಂವ ಅಂದ್ರ ದಿನಾ ಹೋಗಿ ಬರಬಹುದು, ರೂಮಿನ ಖರ್ಚಿಲ್ಲ. ಅರ್ಜಿ ಹಾಕೂಕಿಂತ ಮೊದಲ ಆಧಾರ್ ತಗದು ನೋಡು. ಮಾರ್ಕ್ಸ್‌ಕಾರ್ಡಿನ್ಯಾಗ ಇನಿಷಿಯಲ್ ಹೆಸರಿನ ಹಿಂದ, ಆಧಾರ್‌ದಾಗ ಮುಂದ, ಐಟಿಐ ಸರ್ಟಿಫಿಕೇಟಿನ್ಯಾಗ ಅಪ್ಪನ ಹೆಸರು ಪೂರ್ತಿ. ನಮ್ಮ ಕಡೆ ಹುಡುಗೂರ್ದು ಮುಕ್ಕಾಲುಪಾಲು ಹಿಂಗ ಇರತದ. ಎಸ್ಸೆಸ್ಸೆಲ್ಸಿ ಮಾರ್ಕ್ಸ್‌ಕಾರ್ಡಿನ್ಯಾಗ ಹೆಂಗೈತೋ ಹಂಗ ಆಧಾರ್ ತಿದ್ದಿಸು. ಬ್ಯಾಂಕ್ ಖಾತೆಗೂ ಆಧಾರ್ ಜೋಡಿಸು. ನೋಟಿಫಿಕೇಶನ್ ಬಂದ ಮ್ಯಾಲ ತಿದ್ದಿಸ್ತೀನಂದ್ರ ಕಡೀ ತಾರೀಖು ದಾಟಿರತದ.