ಅಡಿಕೆ ಚೊಗರಿನ ಘಟಕಗಳನ್ನು ಬೇರ್ಪಡಿಸಲು ಯಾವ ಕ್ರೊಮ್ಯಾಟೋಗ್ರಫಿ ಸೂಕ್ತ?

ಪ್ರಶ್ನೆ: ತೀರ್ಥಹಳ್ಳಿಯ ವಿದ್ಯಾರ್ಥಿನಿ

ಮಾನ್ಯರೇ, ಹಸಿ ಅಡಿಕೆಯನ್ನು ಸುಲಿದು ಬೇಯಿಸಿದ ಮೇಲೆ ಹಂಡೆಯಲ್ಲಿ ಉಳಿಯುವ ಚೊಗರನ್ನೇ ನನ್ನ ಎಂ.ಎಸ್ಸಿ. ಕಿರುಯೋಜನೆಗೆ ವಿಷಯವಾಗಿ ಆರಿಸಿಕೊಂಡಿದ್ದೇನೆ. ಅದರಲ್ಲಿರುವ ಅರೆಕೊಲಿನ್ ಮತ್ತು ಅದರ ಬಳಗದ ಆಲ್ಕಲಾಯ್ಡ್‌ಗಳು (ಸಾರಜನಕವಿರುವ ಸಸ್ಯಜನ್ಯ ಪದಾರ್ಥಗಳು), ಕ್ಯಾಟೆಚಿನ್, ಟ್ಯಾನಿನ್ ಇವುಗಳನ್ನು ಬೇರ್ಪಡಿಸಿ ಗುರುತಿಸಬೇಕು, ಸಾಧ್ಯವಾದರೆ ಅರೆಕೊಲಿನ್ ಪ್ರಮಾಣವನ್ನೂ ಅಳೆಯಬೇಕು ಎಂಬುದು ಉದ್ದೇಶ. ನಮ್ಮ ವಿಭಾಗದಲ್ಲಿ ಸಿಲಿಕಾ ಜೆಲ್, ಟಿಎಲ್‌ಸಿ (ತೆಳುಪದರ ಕ್ರೊಮ್ಯಾಟೋಗ್ರಫಿ) ಹಾಳೆಗಳು ಹಾಗೂ ಸಿ18 ಕಾಲಂ (ಉದ್ದನೆಯ ಇಂಗಾಲ ಸರಪಳಿ ಹೊದಿಸಿದ ಸಿಲಿಕಾ ತುಂಬಿದ ನಳಿಕೆ) ಮತ್ತು ಯುವಿ (ನೇರಳಾತೀತ ಬೆಳಕಿನ) ಡಿಟೆಕ್ಟರ್ ಇರುವ ಎಚ್‌ಪಿಎಲ್‌ಸಿ (ಅಧಿಕ ಒತ್ತಡದ ದ್ರವ ಕ್ರೊಮ್ಯಾಟೋಗ್ರಫಿ ಯಂತ್ರ) ಇವೆ. ಗ್ಯಾಸ್ ಕ್ರೊಮ್ಯಾಟೋಗ್ರಫಿಗೆ ಮಾದರಿಯನ್ನು ಹೊರಗೆ ಕಳುಹಿಸಬೇಕು. ಪಠ್ಯಪುಸ್ತಕಗಳಲ್ಲಿ ಒಂದೊಂದು ವಿಧಾನದ ಗುಣದೋಷಗಳ ಪಟ್ಟಿ ಸಿಗುತ್ತದೆಯೇ ಹೊರತು, ಇಂಥ ಸಂಕೀರ್ಣ ಮಿಶ್ರಣ ಎದುರಿಗಿದ್ದಾಗ ಯಾವುದರಿಂದ ಆರಂಭಿಸಬೇಕು, ಏಕೆ ಎಂಬ ವಿವರಣೆ ಸಿಗುತ್ತಿಲ್ಲ. ದಯವಿಟ್ಟು ತಿಳಿಸಿಕೊಡಿ.

ಉತ್ತರ: ಶಿವಮೊಗ್ಗದ ಅಧ್ಯಾಪಕ

ಉಪಕರಣದಿಂದ ಆರಂಭಿಸದೆ ಪದಾರ್ಥಗಳಿಂದ ಆರಂಭಿಸಿ. ಅರೆಕೊಲಿನ್ ಒಂದು ಸಣ್ಣ ಎಸ್ಟರ್. ಅಣುತೂಕ 155, ಕುದಿಬಿಂದು ಸುಮಾರು 209 ಡಿಗ್ರಿ ಸೆಲ್ಸಿಯಸ್, ಸ್ವಭಾವದಲ್ಲಿ ಪ್ರತ್ಯಾಮ್ಲ. ಅದರ ಜೊತೆಗಾರ ಅರೆಕೈಡಿನ್‌ನಲ್ಲಿ ಎಸ್ಟರ್ ಬದಲು ಕಾರ್ಬಾಕ್ಸಿಲಿಕ್ ಆಮ್ಲದ ಗುಂಪು ಇರುವುದರಿಂದ ಅದು ನೀರಿನಲ್ಲಿ ಧನ, ಋಣ ಎರಡೂ ಆವೇಶಗಳನ್ನು ಹೊತ್ತಿರುತ್ತದೆ, ಆವಿಯಾಗುವುದಿಲ್ಲ. ಕ್ಯಾಟೆಚಿನ್ ಆವೇಶವಿಲ್ಲದ ಪಾಲಿಫಿನಾಲ್. ಟ್ಯಾನಿನ್ ಎಂದರೆ ಅಂಥ ಘಟಕಗಳೇ ಒಂದಕ್ಕೊಂದು ಜೋಡಣೆಗೊಂಡು ಬೆಳೆದ, ಬೇರೆ ಬೇರೆ ಉದ್ದದ ದೊಡ್ಡ ಅಣುಗಳ ಗುಂಪು. ಇಷ್ಟು ಭಿನ್ನ ಸ್ವಭಾವದವುಗಳನ್ನೆಲ್ಲ ಒಂದೇ ವಿಧಾನ ಚೊಕ್ಕವಾಗಿ ಬಿಡಿಸಿಕೊಡಲಾರದು.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ರಷ್ಯಾದ ಸಸ್ಯವಿಜ್ಞಾನಿ ಮಿಖಾಯಿಲ್ ತ್ಸ್ವೆಟ್ ಎಲೆಯ ವರ್ಣದ್ರವ್ಯಗಳನ್ನು ಸುಣ್ಣದಕಲ್ಲಿನ ಪುಡಿ ತುಂಬಿದ ಗಾಜಿನ ನಳಿಕೆಯಲ್ಲಿ ಬೇರ್ಪಡಿಸಿದಾಗ ಕೆಲಸ ಮಾಡಿದ್ದು ಪುಡಿಯ ಮೇಲ್ಮೈಗೆ ಅಂಟುವ ಗುಣ. ನಿಮ್ಮ ಸಿಲಿಕಾ ಮಾಡುವುದೂ ಬಹುಪಾಲು ಅದನ್ನೇ. ಬ್ರಿಟನ್ನಿನ ವಿಜ್ಞಾನಿಗಳಾದ ಮಾರ್ಟಿನ್ ಮತ್ತು ಸಿಂಜ್ 1941ರಲ್ಲಿ ತೋರಿಸಿಕೊಟ್ಟದ್ದು ಎರಡು ದ್ರವಗಳ ನಡುವೆ ಪದಾರ್ಥ ಹಂಚಿಕೆಯಾಗುವ ಮಾರ್ಗವನ್ನು, ಅದಕ್ಕೇ ಅವರಿಗೆ 1952ರ ನೊಬೆಲ್ ಬಂತು. ಸಿ18 ಕಾಲಂ ಈ ಎರಡನೆಯ ಮಾರ್ಗಕ್ಕೆ ಹತ್ತಿರವಾದದ್ದು. ಆದ್ದರಿಂದ ಸಿಲಿಕಾದಲ್ಲಿ ಹಿಂದುಳಿಯುವ ಧ್ರುವೀಯ (ನೀರಿಗೆ ಒಲಿಯುವ) ಪದಾರ್ಥ ಸಿ18ರಲ್ಲಿ ಮೊದಲೇ ಹೊರಬೀಳುತ್ತದೆ, ಮತ್ತು ಈ ವಿರುದ್ಧ ಗುಣಗಳೇ ಎರಡನ್ನೂ ಒಂದರ ನಂತರ ಒಂದು ಬಳಸುವುದನ್ನು ಸಾರ್ಥಕಗೊಳಿಸುತ್ತವೆ.

ಆರಂಭ ಟಿಎಲ್‌ಸಿಯಿಂದಲೇ ಆಗಲಿ. ಆಲ್ಕಲಾಯ್ಡ್‌ಗಳಿಗೆ ಕ್ಲೋರೋಫಾರ್ಮ್ ಮತ್ತು ಮೆಥನಾಲ್ ಮಿಶ್ರಣಕ್ಕೆ ಚೂರು ಅಮೋನಿಯ ಸೇರಿಸಿ ಓಡಿಸಿ, ಆಲ್ಕಲಾಯ್ಡ್ ಇರುವುದನ್ನು ತೋರಿಸುವ ಡ್ರಾಗೆನ್‌ಡಾರ್ಫ್ ಕಾರಕ ಸಿಂಪಡಿಸಿದರೆ ಕಿತ್ತಳೆ ಬಣ್ಣದ ಚುಕ್ಕೆ ಕಾಣುತ್ತದೆ. ಕ್ಯಾಟೆಚಿನ್‌ಗೆ ಫಾರ್ಮಿಕ್ ಆಮ್ಲವಿರುವ ಈಥೈಲ್ ಅಸಿಟೇಟ್ ಮಿಶ್ರಣ, ನಂತರ ವೆನಿಲಿನ್ ಮತ್ತು ಹೈಡ್ರೋಕ್ಲೋರಿಕ್ ಆಮ್ಲ, ಆಗ ಕೆಂಪು. ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಒಂದು ಎಚ್ಚರಿಕೆ ಅಗತ್ಯ. ಸಿಲಿಕಾ ಗಾಳಿಯ ತೇವವನ್ನು ಹೀರಿಕೊಂಡು ತನ್ನ ಹಿಡಿತ ಕಳೆದುಕೊಳ್ಳುತ್ತದೆ, ಆರ್‌ಎಫ್ ಬೆಲೆಗಳು (ದ್ರಾವಕ ಸಾಗಿದ ದೂರಕ್ಕೆ ಹೋಲಿಸಿದರೆ ಚುಕ್ಕೆ ಸಾಗಿದ ದೂರ) ದಿನದಿಂದ ದಿನಕ್ಕೆ ಬದಲಾಗುತ್ತವೆ. ಹಾಳೆಯನ್ನು 110 ಡಿಗ್ರಿಯಲ್ಲಿ ಅರ್ಧ ಗಂಟೆ ಕಾಯಿಸಿ ಡೆಸಿಕೇಟರ್‌ನಲ್ಲಿ (ತೇವ ತಾಗದ ಮುಚ್ಚಿದ ಪಾತ್ರೆಯಲ್ಲಿ) ಆರಲು ಬಿಡಿ. ಶುದ್ಧ ಅರೆಕೊಲಿನ್ ಮತ್ತು ಕ್ಯಾಟೆಚಿನ್‌ಗಳ ಚುಕ್ಕೆಯನ್ನು ಪ್ರತಿ ಹಾಳೆಯಲ್ಲೂ ಮಾದರಿಯ ಪಕ್ಕದಲ್ಲೇ ಇಡಿ. ಪುಸ್ತಕದ ಆರ್‌ಎಫ್ ಬೆಲೆಯನ್ನು ಮಾತ್ರ ನಂಬಿ ಚುಕ್ಕೆಗೆ ಹೆಸರಿಡುವುದನ್ನು ನಾನು ಒಪ್ಪುವುದಿಲ್ಲ.

ಉತ್ತರ: ಸಾಗರದಿಂದ, ವಿಶ್ಲೇಷಣಾ ಪ್ರಯೋಗಾಲಯದ ಉದ್ಯೋಗಿ

ಮೇಲಿನ ಉತ್ತರವನ್ನು ಒಪ್ಪುತ್ತೇನೆ. ಅರೆಕೊಲಿನ್ ಅಳತೆಯ ಬಗ್ಗೆ ಮಾತ್ರ ಸೇರಿಸುತ್ತೇನೆ. ಕುದಿಬಿಂದು ನೋಡಿದವರು ಗ್ಯಾಸ್ ಕ್ರೊಮ್ಯಾಟೋಗ್ರಫಿಯೇ ಸರಿ ಎನ್ನುತ್ತಾರೆ, ಅದು ಸುಳ್ಳಲ್ಲ. ಆದರೆ ಚೊಗರನ್ನು ನೇರವಾಗಿ ಯಂತ್ರಕ್ಕೆ ಹಾಕಿದರೆ ಟ್ಯಾನಿನ್ ಮತ್ತು ಸಕ್ಕರೆಗಳು ಇಂಜೆಕ್ಟರ್‌ನ ಬಿಸಿಗೆ ಸುಟ್ಟು ಕರಿ ಕಟ್ಟುತ್ತವೆ. ಮೊದಲು ಅರೆಕೊಲಿನ್ ಅನ್ನು ಸಾವಯವ ದ್ರಾವಕಕ್ಕೆ ಎಳೆದುಕೊಳ್ಳಬೇಕು. ಅಷ್ಟು ಮಾಡಿದರೂ ಅರೆಕೈಡಿನ್ ಇದರಲ್ಲಿ ಕಾಣುವುದಿಲ್ಲ, ಅದನ್ನು ಎಸ್ಟರ್ ಮಾಡಿಕೊಂಡೇ ಯಂತ್ರಕ್ಕೆ ಹಾಕಬೇಕಾಗುತ್ತದೆ.

ಎಚ್‌ಪಿಎಲ್‌ಸಿಯಲ್ಲಿ ಈ ತೊಡಕಿಲ್ಲ, ಬೇರೆ ತೊಡಕುಗಳಿವೆ. ಅರೆಕೊಲಿನ್‌ನ ಪಿಕೆಎ (ಅದರ ಅರ್ಧದಷ್ಟು ಅಣುಗಳು ಆವೇಶ ಹೊತ್ತಿರುವ ಪಿಎಚ್) ಸುಮಾರು 7. ಪಿಎಚ್ 3ರಲ್ಲಿ ಅದು ಪೂರ್ತಿ ಧನ ಆವೇಶ ಹೊತ್ತು, ಸಿ18ರಲ್ಲಿ ನಿಲ್ಲದೆ ದ್ರಾವಕದ ಜೊತೆಗೇ ಬಂದುಬಿಡುತ್ತದೆ. ಪಿಎಚ್ ಏರಿಸಿದರೆ ಕಾಲಂನ ಸಿಲಿಕಾದಲ್ಲಿ ಉಳಿದಿರುವ ಸೈಲನಾಲ್‌ಗಳಿಗೆ (ಸಿಲಿಕಾ ಮೇಲ್ಮೈಯ ಹೈಡ್ರಾಕ್ಸಿಲ್ ಗುಂಪುಗಳಿಗೆ) ಅಂಟಿಕೊಂಡು ಯಂತ್ರ ಬರೆಯುವ ರೇಖೆಯಲ್ಲಿ ಶಿಖರದ ಬಾಲ ಉದ್ದವಾಗುತ್ತದೆ. ಯುವಿಯಲ್ಲಿ ಅದು 215 ನ್ಯಾನೋಮೀಟರ್ ಆಸುಪಾಸಿನಲ್ಲಿ ಮಾತ್ರ ಚೆನ್ನಾಗಿ ಹೀರುತ್ತದೆ, ಅಲ್ಲಿ ಫಿನಾಲ್‌ಗಳೆಲ್ಲವೂ ಹೀರುತ್ತವೆ. ಆದ್ದರಿಂದ ಆಲ್ಕಲಾಯ್ಡ್‌ಗಳಿಗೆ ಧನ ಅಯಾನು ವಿನಿಮಯ ಕಾಲಂ ನನ್ನ ಮೊದಲ ಆಯ್ಕೆ: ಆವೇಶವಿಲ್ಲದ ಕ್ಯಾಟೆಚಿನ್ ಬಹುಬೇಗ ತೊಳೆದುಹೋಗುತ್ತದೆ, ಅರೆಕೊಲಿನ್ ಹಿಂದೆ ನಿಲ್ಲುತ್ತದೆ. ಆ ಕಾಲಂ ಸಿಗದಿದ್ದರೆ ಸಿ18ರಲ್ಲೇ ಅಯಾನು ಜೋಡಿ ಕಾರಕ (ಅರೆಕೊಲಿನ್‌ಗೆ ವಿರುದ್ಧ ಆವೇಶದ ಜೊತೆಗಾರನಾಗಿ ಕಾಲಂನಲ್ಲಿ ಅದನ್ನು ನಿಲ್ಲಿಸುವ ಪದಾರ್ಥ) ಸೇರಿಸಿ ನಡೆಸಬಹುದು. ಕ್ಯಾಟೆಚಿನ್‌ಗೆ ನಿಮ್ಮ ಸಿ18 ಸಾಕು, 280 ನ್ಯಾನೋಮೀಟರ್‌ನಲ್ಲಿ ನೋಡಿ.

ಪ್ರಶ್ನೆ ಕೇಳಿದವರ ಮರುಪ್ರಶ್ನೆ

ಇಬ್ಬರಿಗೂ ಧನ್ಯವಾದಗಳು. ಅರೆಕೊಲಿನ್ ಅನ್ನು ದ್ರಾವಕಕ್ಕೆ ಎಳೆಯುವ ಮೊದಲು ಪ್ರತ್ಯಾಮ್ಲೀಯಗೊಳಿಸಲು ಕಾಸ್ಟಿಕ್ ಸೋಡಾ ಬಳಸಬಹುದೇ? ಟ್ಯಾನಿನ್‌ಗಳಿಗೆ ಸಿಲಿಕಾ ಕಾಲಂ ಸಾಕೇ?

ಉತ್ತರ: ಶಂಕರಘಟ್ಟದ ಸಂಶೋಧನಾರ್ಥಿ

ಕಾಸ್ಟಿಕ್ ಸೋಡಾ ಖಂಡಿತ ಬೇಡ. ತೀವ್ರ ಕ್ಷಾರದಲ್ಲಿ ಅರೆಕೊಲಿನ್‌ನ ಎಸ್ಟರ್ ಒಡೆದು ಅರೆಕೈಡಿನ್ ಆಗುತ್ತದೆ. ಎಲೆಯಡಿಕೆಯನ್ನು ಸುಣ್ಣದೊಂದಿಗೆ ಜಗಿಯುವಾಗ ನಡೆಯುವುದೂ ಈ ಕ್ರಿಯೆಯೇ. ಅಂದರೆ ನೀವು ಅಳೆಯಲು ಹೊರಟ ಪದಾರ್ಥವೇ ಕೈಯಲ್ಲಿ ಕರಗಿಹೋಗುತ್ತದೆ, ಯಾವ ಯಂತ್ರವೂ ಅದನ್ನು ಮರಳಿ ತರಲಾರದು. ಅಮೋನಿಯ ಸೇರಿಸಿ ಪಿಎಚ್ ಅನ್ನು 9ರ ಆಸುಪಾಸಿಗೆ ತನ್ನಿ, ತಣ್ಣಗಿರುವಾಗಲೇ ಡೈಕ್ಲೋರೋಮೀಥೇನ್‌ಗೆ ಬೇಗನೆ ವರ್ಗಾಯಿಸಿ. ದ್ರಾವಕವನ್ನು ಬಿಸಿಮಾಡಿ ಪೂರ್ತಿ ಒಣಗಿಸಬೇಡಿ, ಮುಕ್ತ ಪ್ರತ್ಯಾಮ್ಲವಾಗಿರುವ ಅರೆಕೊಲಿನ್ ಅದರೊಂದಿಗೇ ಆವಿಯಾಗಿ ಹೋಗಬಹುದು. ಎಚ್‌ಪಿಎಲ್‌ಸಿಗೆ ಕೊಡುವುದಾದರೆ ದುರ್ಬಲ ಆಮ್ಲದ ನೀರಿಗೆ ಮರಳಿ ಎಳೆದುಕೊಳ್ಳುವುದೇ ಕ್ಷೇಮ.

ಟ್ಯಾನಿನ್‌ಗೆ ಸಿಲಿಕಾ ಸಾಲದು. ಉದ್ದನೆಯ ಅಣುಗಳು ಅದಕ್ಕೆ ಬಿಡಿಸಲಾರದಂತೆ ಅಂಟಿಕೊಳ್ಳುತ್ತವೆ, ಸಿ18ರಲ್ಲಿ ಹಾಕಿದರೆ ಬಿಡಿ ಶಿಖರಗಳ ಬದಲು ಒಂದು ಅಗಲವಾದ ದಿಬ್ಬ ಬರುತ್ತದೆ. ಇದಕ್ಕೆ ಸೆಫಾಡೆಕ್ಸ್ ಎಲ್‌ಎಚ್-20 ಎಂಬ ಡೆಕ್ಸ್ಟ್ರಾನ್ ಜೆಲ್ ಬಳಸಿ. ಮೊದಲು ಮದ್ಯಸಾರದಿಂದ ತೊಳೆದರೆ ಕ್ಯಾಟೆಚಿನ್‌ನಂಥ ಸಣ್ಣ ಫಿನಾಲ್‌ಗಳು ಇಳಿದುಬರುತ್ತವೆ, ಆಮೇಲೆ ನೀರು ಬೆರೆಸಿದ 70 ಪ್ರತಿಶತ ಅಸಿಟೋನ್ ಹಾಕಿದರೆ ಟ್ಯಾನಿನ್ ಇಳಿಯುತ್ತದೆ. ಒಂದು ಕಾಲಂ ತುಂಬಲು ಬೇಕಾಗುವುದು ಕೆಲವೇ ಗ್ರಾಂ. ತೊಳೆದು ಮತ್ತೆ ಮತ್ತೆ ಬಳಸಬಹುದಾದ್ದರಿಂದ ಮಾರ್ಗದರ್ಶಕರನ್ನು ಧೈರ್ಯವಾಗಿ ಕೇಳಿ. ಇಳಿದದ್ದು ಸಾಂದ್ರಿತ (ಕ್ಯಾಟೆಚಿನ್‌ನಂಥ ಘಟಕಗಳು ಜೋಡಣೆಗೊಂಡ) ಟ್ಯಾನಿನ್ ಹೌದೇ ಎಂದು ನೋಡಲು ಬ್ಯೂಟನಾಲ್ ಮತ್ತು ಹೈಡ್ರೋಕ್ಲೋರಿಕ್ ಆಮ್ಲದೊಂದಿಗೆ ಕಾಯಿಸಿ, ಕೆಂಪು ಬಣ್ಣ ಬರಬೇಕು.

ಉತ್ತರ: ಸಾಗರದ ಉದ್ಯೋಗಿ

ಒಂದು ಮಾತು ಬಿಟ್ಟುಹೋಗಿತ್ತು. ಚೊಗರನ್ನು ಎರಡು ಪಾಲು ಮಾಡಿ, ಒಂದಕ್ಕೆ ಗೊತ್ತಿರುವಷ್ಟು ಅರೆಕೊಲಿನ್ ಹೈಡ್ರೋಬ್ರೋಮೈಡ್ ಸೇರಿಸಿ, ಎರಡನ್ನೂ ಒಂದೇ ರೀತಿ ಸಂಸ್ಕರಿಸಿ ಅಳೆಯಿರಿ. ಸೇರಿಸಿದ್ದರಲ್ಲಿ ಎಷ್ಟು ಮರಳಿ ಸಿಕ್ಕಿತು ಎಂಬ ಅಂಕಿಯನ್ನು ವರದಿಯಲ್ಲಿ ಅರೆಕೊಲಿನ್ ಪ್ರಮಾಣದ ಪಕ್ಕದಲ್ಲೇ ಬರೆಯಿರಿ. ಪರೀಕ್ಷಕರು ಮೊದಲು ಕೇಳುವುದು ಅದನ್ನೇ.